ರೆಕ್ಕೆಗೆ ಕಟ್ಟಿದ ಹುರಿ

ನಮ್ಮ ನಡುಮನೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಮೊಳೆಯ ಪಕ್ಕದ ಮೊಳೆಗೆ, ಒಂದು ರೇಷ್ಮೆ ಹುರಿ ಎರಡು ತುಂಡಾಗಿ ಬಹಳ ದಿನ ನೇತಾಡುತ್ತಿತ್ತು. ಬಣ್ಣ ಕಾಣದ ಹಸಿ ರೇಷ್ಮೆ. ಚಳಿಗಾಲದಲ್ಲಿ ತುಪ್ಪ ಹೆಪ್ಪುಗಟ್ಟಿದಾಗ ಡಬ್ಬಿಯ ಅಂಚಿನಲ್ಲಿ ಒಂದು ತಿಳಿಹಳದಿ ಕಾಣುತ್ತದಲ್ಲ, ಆ ಬಣ್ಣ. ಮನೆಗೆ ಬಂದವರು ಅದನ್ನು ಯಾವುದೋ ಕ್ಷೇತ್ರದಿಂದ ತಂದ ದಾರವೆಂದು ತಿಳಿದು ಕಣ್ಣಿಗೊತ್ತಿಕೊಂಡದ್ದೂ ಉಂಟು. ಕೈವಾರದ್ದಾ ಎಂದು ಕೇಳಿದವರೂ ಉಂಟು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅದನ್ನು ಅಲ್ಲಿ ನೇತುಹಾಕಿದವನು ನಾನೇ, ಮತ್ತು ಅದನ್ನು ನೋಡಿದಾಗಲೆಲ್ಲ ನನ್ನ ಕೈ ತಾನಾಗಿ ನನ್ನ ಕೊರಳಿಗೆ ಹೋಗುತ್ತಿತ್ತು. ಈಗ ಆ ಮೊಳೆಯಲ್ಲಿರುವುದು ಒಂದೇ ತುಂಡು. ಇನ್ನೊಂದು ಎಲ್ಲಿ ಹೋಯಿತೆಂದು ತಿಳಿಯಬೇಕಾದರೆ ನಾವು ನಾಲ್ವರು ಬೆಂಗಳೂರಿನ ಕಾಮಿಕ್ಸ್ ಮೇಳಕ್ಕೆ ಹೋಗಿಬಂದ ಒಂದು ಶನಿವಾರದ ಕತೆಯನ್ನು ನೀವು ಕೇಳಬೇಕು; ಕೇಳುವಷ್ಟು ಸಮಯ ನಿಮಗಿದೆಯೆಂದು ನಂಬಿ ಕೂತಿದ್ದೇನೆ.

ನಮ್ಮದು ಶಿಡ್ಲಘಟ್ಟ. ಬೆಳಗ್ಗೆ ಬೀದಿಗಿಳಿದರೆ ಬೇಯುವ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿಯುವ ಊರು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಆ ವಾಸನೆ ಇಲ್ಲದ ದಿನವೇ ಏನೋ ಕಳೆದುಕೊಂಡಂತೆ. ನನ್ನ ಅಮ್ಮ ಇಪ್ಪತ್ತೆರಡು ವರ್ಷ ಇಲ್ಲಿನ ಒಂದು ಹುರಿ ಕಾರ್ಖಾನೆಯಲ್ಲಿ, ಅಂದರೆ ರೇಷ್ಮೆಯ ಎಳೆಗಳನ್ನು ಜೊತೆಗೂಡಿಸಿ ಹೊಸೆಯುವ ಯಂತ್ರಗಳ ನಡುವೆ, ಕೆಲಸ ಮಾಡಿದವಳು. ಆ ದುಡಿಮೆಯಲ್ಲಿ ಓದಿ ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾದೆ. ಪ್ರತಿ ವರ್ಷ ಒಂಬತ್ತನೇ ತರಗತಿಗೆ ಒಂದು ಎಳೆ ರೇಷ್ಮೆ ಒಯ್ದು, ಕಿಟಕಿಯ ಬೆಳಕಿಗೆ ಹಿಡಿದು, ಇಷ್ಟೇ ತೂಕದ ಉಕ್ಕಿನ ತಂತಿಯೂ ಇದರ ಮುಂದೆ ನಾಚಬೇಕು ಎಂದು ಹೇಳುವುದು ನನ್ನ ವಾರ್ಷಿಕ ಹಬ್ಬ. ಹೇಳುವಾಗ ದನಿ ಸ್ವಲ್ಪ ಏರುತ್ತದೆ. ಊರಿನ ಅಭಿಮಾನವೋ, ಅಮ್ಮನ ಮೇಲಿನ ಅಭಿಮಾನವೋ, ಎರಡೂ ಒಂದೇ ಹುರಿಯಾಗಿ ಹೊಸೆದುಕೊಂಡು ಬಿಡಿಸಲು ಬಾರದಂತೆ ಆಗಿಬಿಟ್ಟಿವೆ.

ನನ್ನ ಮಗಳು ಸಿರಿಗೆ ಹನ್ನೊಂದು ವರ್ಷ. ಉಳಿದ ಮಕ್ಕಳು ನೋಟುಪುಸ್ತಕದಲ್ಲಿ ಗೆರೆಯ ಮೇಲೆ ಬರೆದರೆ ಇವಳು ಗೆರೆಯನ್ನು ಲೆಕ್ಕಿಸದೆ ಹಾಳೆಯನ್ನು ಚೌಕಗಳಾಗಿ ಸೀಳಿ, ಪ್ರತಿ ಚೌಕದಲ್ಲಿ ಒಂದು ಚಿತ್ರ ಬರೆದು, ಚಿತ್ರದ ಬಾಯಿಂದ ಒಂದು ಗುಳ್ಳೆ ಎಬ್ಬಿಸಿ, ಗುಳ್ಳೆಯೊಳಗೆ ಮಾತು ತುಂಬುತ್ತಾಳೆ. ಅವಳ ಕತೆಯ ನಾಯಕಿಯ ಹೆಸರು ಪತಂಗಿ. ಇಲ್ಲಿ ನಿಮಗೊಂದು ಸಂಗತಿ ಹೇಳಬೇಕು. ನಮ್ಮೂರಿನಲ್ಲಿ ಪತಂಗ ಗೂಡು ಕೊರೆದು ಹೊರಬರುವುದೆಂದರೆ ಸಂಭ್ರಮವಲ್ಲ. ತೂತಾದ ಗೂಡಿನಿಂದ ನೂಲು ತೆಗೆಯಲಾಗುವುದಿಲ್ಲ. ಅದಕ್ಕೇ ಹುಳ ಹೊರಬರುವ ಮೊದಲೇ ಗೂಡನ್ನು ಹಬೆಗೆ ಒಡ್ಡುತ್ತಾರೆ. ಐದು ವರ್ಷದವಳಿದ್ದಾಗ ಒಮ್ಮೆ ಇದನ್ನು ಕಂಡು ಬಂದ ಸಿರಿ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಪತಂಗಿ ಹುಟ್ಟಿದ್ದು ಆಮೇಲೆ, ಅದೇ ಸಿಟ್ಟಿನಲ್ಲಿ ಇರಬೇಕು: ಹಬೆ ತಗಲುವ ಮೊದಲೇ ಗೂಡು ಹರಿದು ಹಾರಿದವಳು ಅವಳು.

“ತೂತು ಗೂಡಿಗೆ ಯಾರೇ ಮರ್ಯಾದೆ ಕೊಡ್ತಾರೆ?” ಎಂದು ಅಮ್ಮ ಮೊಮ್ಮಗಳನ್ನು ಕೆಣಕುತ್ತಿದ್ದಳು.

“ನಾನ್ ಕೊಡ್ತೀನಿ ಅಜ್ಜಿ.”

“ಕೊಡು ತಾಯಿ, ಕೊಡು. ಇಪ್ಪತ್ತೆರಡು ವರ್ಷ ಬರೀ ಒಳ್ಳೇ ಗೂಡಿನ ದಾರಾನೇ ಸುತ್ತಿದೀನಿ, ಒಂದ್ಸಲ ಅದನ್ನೂ ನೋಡಣ.”

ಡಿಸೆಂಬರಿನ ಒಂದು ವಾರಾಂತ್ಯ ಬೆಂಗಳೂರಿನಲ್ಲಿ ಕಾಮಿಕ್ಸ್ ಮೇಳ ನಡೆಯುತ್ತದೆಂದೂ ಅಲ್ಲಿಗೆ ಜನ ತಮ್ಮ ಮೆಚ್ಚಿನ ನಾಯಕ ನಾಯಕಿಯರ ವೇಷ ತೊಟ್ಟು ಬರುತ್ತಾರೆಂದೂ ಸಿರಿಗೆ ಎಲ್ಲಿಂದಲೋ ತಿಳಿಯಿತು. ಶನಿವಾರ, ಭಾನುವಾರ ಎರಡೂ ದಿನದ ಟಿಕೆಟ್ ತೆಗೆದದ್ದಾಯಿತು. ಶನಿವಾರ ರಾತ್ರಿ ನನ್ನ ಹೆಂಡತಿ ಶೈಲಳ ಚಿಕ್ಕಮ್ಮನ ಮನೆಯಲ್ಲಿ ತಂಗುವುದೆಂದಾಯಿತು. ಉಳಿದದ್ದು ಪತಂಗಿಯ ವೇಷ. ಅಮ್ಮ ಪರಿಚಯದವರ ಮನೆಯಿಂದ ಒಂದು ಚೀಲ ತೂತುಗೂಡು ತಂದಳು. ಶೈಲ ಅವನ್ನು ಅರ್ಧಕ್ಕೆ ಕತ್ತರಿಸಿ, ಒಂದು ಹಳೆಯ ಜಾಕೀಟಿನ ಮೇಲೆ ಮೀನಿನ ಹುರುಪೆಯ ಹಾಗೆ ಸಾಲಾಗಿ ಹೊಲಿದಳು. ಬೆನ್ನಿಗೆ ರೆಕ್ಕೆ: ಭುಜದಿಂದ ಇಳಿದು ನೆಲದ ಮೇಲೆ ಎರಡು ಮೂರು ಮೊಳ ಹರಿದಾಡುವ ಕೆನೆಬಣ್ಣದ ರೇಷ್ಮೆ ಬಟ್ಟೆ. ರೆಕ್ಕೆಯನ್ನು ಭುಜಕ್ಕೆ ಸೇರಿಸಲು ಅವಳು ಎರಡು ಕಡೆಯೂ ಟಿಚ್ ಬಟನ್ ಹಚ್ಚಿದ್ದಳು.

ತಪ್ಪು ಶುರುವಾದದ್ದು ಅಲ್ಲಿ, ನನ್ನ ಬಾಯಿಂದ. ಟಿಚ್ ಬಟನ್ನನ್ನು ಎಳೆದು ನೋಡಿದೆ. ಟಪ್ಪೆಂದು ಕಿತ್ತು ಬಂತು. ಶಿಡ್ಲಘಟ್ಟದ ಹುಡುಗಿ, ಹುರಿ ಮಿಷನ್ನಿನವಳ ಮೊಮ್ಮಗಳು, ರೇಷ್ಮೆ ರೆಕ್ಕೆಯನ್ನು ತಗಡಿನ ಗುಂಡಿಯಿಂದ ಸಿಕ್ಕಿಸಿಕೊಂಡು ಹೋಗುವುದೇ? ಮೂರು ದಿನ ಶಾಲೆಯಿಂದ ಬಂದ ಮೇಲೆ ಪಡಸಾಲೆಯಲ್ಲಿ ಕೂತು ಹಸಿ ರೇಷ್ಮೆಯ ಎಳೆ ಎಳೆ ಕೂಡಿಸಿ ಅಮ್ಮನಿಂದ ತಿದ್ದಿಸಿಕೊಳ್ಳುತ್ತ ಒಂದು ಹುರಿ ಹೊಸೆದೆ. ಗುಂಡಿಗಳನ್ನು ಕಿತ್ತುಹಾಕಿ, ರೆಕ್ಕೆಯ ಮೇಲಂಚಿಗೆ ಹುರಿ ಪೋಣಿಸಿ, ಅದು ಸಿರಿಯ ಕೊರಳ ಸುತ್ತ ಬಂದು ಮುಂದೆ ಗಂಟಾಗುವಂತೆ ಮಾಡಿದೆ. ಅಮ್ಮ ಹುರಿಯ ಎರಡು ತುದಿ ಹಿಡಿದು ಜಗ್ಗಿ ನೋಡಿ, “ಎಮ್ಮೆ ಕಟ್ಟಬಹುದು ಕಣೋ ಇದ್ರಲ್ಲಿ” ಎಂದಳು. ನನ್ನ ಬಿ.ಎಸ್ಸಿ.ಗೂ ಅವಳು ಅಷ್ಟು ದೊಡ್ಡ ಸರ್ಟಿಫಿಕೇಟು ಕೊಟ್ಟಿರಲಿಲ್ಲ.

ಶೈಲ ಮಾತ್ರ ಗಂಟನ್ನು ಬೆರಳಲ್ಲಿ ಹಿಡಿದು ನೋಡಿ, “ರೀ, ಬಿಚ್ಚೋದ್ ಹೆಂಗೆ ಇದನ್ನ?” ಎಂದಳು.

“ಬಿಚ್ಚೋದ್ಯಾಕೆ?” ಎಂದೆ ನಾನು.

ಈ ಎರಡು ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ನನಗಂತೂ ಮರೆಯಲು ಆಗಿಲ್ಲ.

ಶನಿವಾರ ಬೆಳಗ್ಗೆ ಬಸ್ಸು ಹತ್ತಿದೆವು. ರೆಕ್ಕೆ ಮಡಚಿ ಚೀಲದಲ್ಲಿತ್ತು. ಗೂಡಿನ ಜಾಕೀಟನ್ನು ಸಿರಿ ತೊಟ್ಟೇ ಇದ್ದಳು. ಕಂಡಕ್ಟರು ಹೆಂಗಸರ ಆಧಾರ್ ಕಾರ್ಡು ನೋಡುತ್ತ ಬಂದವನು ಇವಳ ಮುಂದೆ ನಿಂತು, ಚೀಲದಿಂದ ಇಣುಕುತ್ತಿದ್ದ ಬಟ್ಟೆಯನ್ನೂ ಹಣೆಗೆ ಕಟ್ಟಿದ್ದ ಪತಂಗದ ಎರಡು ಮೀಸೆಯನ್ನೂ ನೋಡಿ, “ರೆಕ್ಕೆ ಬೇರೆ ಇದೆ! ಹಾರ್ಕೊಂಡು ಹೋಗೋದು ಬಿಟ್ಟು ನನ್ನ ಬಸ್ಸಿಗ್ಯಾಕಮ್ಮ ಬಂದೆ?” ಎಂದ. ಸಿರಿ ಗಂಭೀರವಾಗಿ, “ಮೊದಲ್ನೇ ಭಾಗದಲ್ಲಿ ಪತಂಗಿಗೆ ಇನ್ನೂ ಹಾರೋಕ್ ಬರಲ್ಲ ಅಂಕಲ್” ಎಂದಳು. ಬಸ್ಸಿನ ಅರ್ಧ ಜನ ನಕ್ಕರು. ಚಿಕ್ಕಬಳ್ಳಾಪುರ ದಾಟಿ ಹೆದ್ದಾರಿಗೆ ಬಿದ್ದಾಗ ಬಲಗಡೆ ನಂದಿಬೆಟ್ಟದ ತಲೆಯ ಮೇಲೆ ಮೋಡ ಇನ್ನೂ ಎದ್ದಿರಲಿಲ್ಲ. ಅಮ್ಮ ಕರಿದ ಅವರೆಬೇಳೆಯ ಡಬ್ಬಿ ತೆಗೆದು ಮುಂದಿನ ಸೀಟಿನವರಿಗೂ ಹಿಂದಿನ ಸೀಟಿನವರಿಗೂ ಒಂದೊಂದು ಹಿಡಿ ಕೊಟ್ಟಳು. ಅಷ್ಟು ನಿಶ್ಚಿಂತೆಯ ಬೆಳಗನ್ನು ನಾನು ಆಮೇಲೆ ಕಂಡಿಲ್ಲ ಎನ್ನಲಾರೆ. ಆದರೆ ಆ ಬೆಳಗು ನೆನಪಾದಾಗಲೆಲ್ಲ ಅದರ ಬೆನ್ನಿಗೇ ಮಧ್ಯಾಹ್ನವೂ ಬಂದುಬಿಡುತ್ತದೆ.

ಮೆಜೆಸ್ಟಿಕ್ಕಿನಲ್ಲಿ ಇಳಿದು ಮೆಟ್ರೋಗೆ ಹೋದೆವು. ಅಲ್ಲಿ ಅಮ್ಮ ಮೊದಲ ಸಲ ಎಸ್ಕಲೇಟರ್ ಕಂಡಳು. ಮೆಟ್ಟಿಲುಗಳು ನೆಲದಿಂದ ಹುಟ್ಟಿ ಹುಟ್ಟಿ ಮೇಲೆ ಹೋಗುವುದನ್ನು ನೋಡುತ್ತ, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ ನಿಂತುಬಿಟ್ಟಳು. ಹೆದರಿದ್ದಾಳೆಂದು ನಾನು ತಿಳಿದೆ. ಅವಳು ಕೇಳಿದ್ದು ಬೇರೆ.

“ಇದರ ಸ್ವಿಚ್ಚೆಲ್ಲಿದೆಯೋ?”

ನಾನು ನಕ್ಕೆ. ಸಿರಿಯೂ ನಕ್ಕಳು. ಅಲ್ಲಿ ನಿಂತಿದ್ದ ಕಾವಲಿನವನೂ ನಕ್ಕು, “ಯಾಕಜ್ಜಿ, ಕರೆಂಟ್ ಉಳಿಸ್ತೀರಾ?” ಎಂದ.

“ನಗಪ್ಪ ನಗು. ಮಿಷನ್ನಿನ ಹತ್ರ ಹೋಗೋರು ಮೊದ್ಲು ಕೇಳಬೇಕಾಗಿದ್ದೇ ಅದು. ಎಲ್ಲಿದೆ ಹೇಳು.”

ಅವನು ಬಗ್ಗಿ, ಮೆಟ್ಟಿಲು ಶುರುವಾಗುವ ಕಡೆ, ಕೈಪಟ್ಟಿಯ ಬುಡದಲ್ಲಿದ್ದ ಒಂದು ಕೆಂಪು ಗುಂಡಿ ತೋರಿಸಿದ. ಅಮ್ಮನೂ ಬಗ್ಗಿ ಅದನ್ನು ಕಣ್ತುಂಬ ನೋಡಿ, “ಕಾಲ ಹತ್ರ ಇಟ್ಟಿದಾರೆ. ತಿಳಿದೋರು ಇಟ್ಟಿರೋದು” ಎಂದು ಒಪ್ಪಿಗೆ ಸೂಚಿಸಿ, ಅಷ್ಟಾದ ಮೇಲೂ ಹತ್ತದೆ, ಲಿಫ್ಟಿನಲ್ಲಿ ಹೋದಳು.

ರೈಲಿನಲ್ಲಿ ಕೂತಾಗ ಅವಳು ಸಿರಿಗೆ ಹೇಳಿದ್ದನ್ನು ನಾನು ಅರ್ಧ ಕಿವಿಯಲ್ಲಿ ಕೇಳಿದೆ. ಹುರಿ ಕಾರ್ಖಾನೆಗೆ ಹೊಸದಾಗಿ ಬಂದವರಿಗೆ ಮೊದಲ ದಿನ ದಾರ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಕಣ್ಣಿಗೆ ಬಟ್ಟೆ ಕಟ್ಟಿ, ಯಾವ ಮೂಲೆಯಲ್ಲಿ ನಿಂತಿದ್ದರೂ ಕೈಯಾಡಿಸಿಕೊಂಡು ಸ್ವಿಚ್ಚಿನವರೆಗೆ ಹೋಗುವುದನ್ನು ಕಲಿಸುತ್ತಿದ್ದರಂತೆ. ಯಾಕೆಂದರೆ ಸೆರಗೋ ಜಡೆಯೋ ಯಂತ್ರಕ್ಕೆ ಸಿಕ್ಕಿದಾಗ ಎಲ್ಲರ ಕೈಯೂ ಸಿಕ್ಕಿದವಳ ಕಡೆಗೇ ಹೋಗುತ್ತದೆ, ಎಲ್ಲರೂ ಹಿಡಿದು ಎಳೆಯುತ್ತಾರೆ. ಯಂತ್ರ ಇನ್ನೂ ಜೋರಾಗಿ ಎಳೆಯುತ್ತದೆ. “ಅವಳ ಕಡೆ ನೋಡಬಾರ್ದು ತಾಯಿ, ಕರುಳು ಚುರುಕ್ ಅಂದ್ರೂ ನೋಡಬಾರ್ದು. ಸ್ವಿಚ್ ಕಡೆ ನೋಡಬೇಕು.” ಇದೆಂಥ ಕಲ್ಲೆದೆಯ ಪಾಠ ಎನ್ನಿಸಿ ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಮೇಳ ನಡೆಯುತ್ತಿದ್ದದ್ದು ನಗರದ ಅಂಚಿನ ದೊಡ್ಡ ಪ್ರದರ್ಶನ ಭವನವೊಂದರಲ್ಲಿ. ಬಾಗಿಲಲ್ಲಿ ತಪಾಸಣೆ. ಕೊಡಲಿ, ಗದೆ, ಬಿಲ್ಲು ಹಿಡಿದ ವೇಷಧಾರಿಗಳ ಆಯುಧಗಳನ್ನೆಲ್ಲ ಮುಟ್ಟಿ ನೋಡಿ, ರಟ್ಟಿನವೆಂದು ಖಾತ್ರಿ ಮಾಡಿಕೊಂಡು ಒಳಗೆ ಬಿಡುತ್ತಿದ್ದರು. ಶೈಲಳ ಹೊಲಿಗೆ ಕತ್ತರಿ ಅಲ್ಲೇ ಉಳಿಯಿತು. ಅಮ್ಮನ ಅವರೆಬೇಳೆಯೂ ಉಳಿಯಬೇಕಾಗಿತ್ತು. ಹೊರಗಿನ ತಿಂಡಿ ಬಿಡುವುದಿಲ್ಲವೆಂದರು. ಅಮ್ಮ ಡಬ್ಬಿ ತೆರೆದು, “ನೀನೂ ತಿನ್ನಮ್ಮ, ಬೆಳಗ್ಗಿಂದ ನಿಂತಿದೀಯ” ಎಂದು ಆ ತಪಾಸಣೆಯ ಹುಡುಗಿಯ ಕೈಗೆ ಸುರಿದಳು. ಆಮೇಲೆ ಡಬ್ಬಿಯ ಮಾತು ಯಾರೂ ಎತ್ತಲಿಲ್ಲ. ನಮ್ಮ ಮಣಿಕಟ್ಟಿಗೆ ಎರಡು ದಿನಕ್ಕೂ ನಡೆಯುವ ಕಾಗದದ ಪಟ್ಟಿ ಅಂಟಿಸಿದರು.

ಒಳಗಿನ ಲೋಕವನ್ನು ವರ್ಣಿಸಲು ನನ್ನ ಭಾಷೆ ಸಾಲದು. ಕೊಂಬಿನವರು, ಬಾಲದವರು, ನೀಲಿ ಮೈಯವರು, ತಗಡಿನ ಕವಚದವರು. ಎಲ್ಲರೂ ಒಬ್ಬರನ್ನೊಬ್ಬರು ಗುರುತಿಸಿ ಕೂಗುತ್ತಿದ್ದರು. ನಾನು ಹೆದರಿದ್ದೆ, ಇವರ ನಡುವೆ ನಮ್ಮ ಪತಂಗಿಯನ್ನು ಯಾರು ಕೇಳುತ್ತಾರೆ ಎಂದು. ರೆಕ್ಕೆ ಕಟ್ಟಿಕೊಂಡು ಸಿರಿ ಹತ್ತು ಹೆಜ್ಜೆ ಹಾಕುವುದರೊಳಗೆ ಜನ ಸುತ್ತಿಕೊಂಡರು. ಅಷ್ಟು ಗೂಡುಗಳನ್ನು ಅವರು ಎಂದೂ ಕಂಡಿರಲಿಲ್ಲ.

“ಇದು ಯಾವ ಸೀರೀಸ್ ಪುಟ್ಟಾ?” ಎಂದು ತಗಡಿನ ಕವಚದ ಒಬ್ಬ ಯುವಕ ಮೊಣಕಾಲೂರಿ ಕೇಳಿದ.

“ಇನ್ನೂ ಬಂದಿಲ್ಲ. ನಾನೇ ಬರೀತಿದೀನಿ.”

“ಹೌದಾ! ಎಲ್ಲಿಂದ ಬಂದ್ರಿ?”

“ಶಿಡ್ಲಘಟ್ಟ.” ಅವನ ಮುಖದಲ್ಲಿ ಏನೂ ಹೊಳೆಯದ್ದು ಕಂಡು, “ಚಿಂತಾಮಣಿ ಗೊತ್ತಾ? ಅದಕ್ಕಿಂತ ಮುಂಚೆ” ಎಂದಳು.

ಅದೂ ಅವನಿಗೆ ಗೊತ್ತಿರಲಿಲ್ಲ. ಆದರೂ ಅವನು ಎದ್ದು ನಿಂತು ಒಂದು ಸಲಾಮು ಹೊಡೆದ. ನನ್ನ ಎದೆ ಎಷ್ಟು ಉಬ್ಬಿತೆಂದರೆ, ನನಗೂ ಒಂದು ರೆಕ್ಕೆ ಮೂಡುವುದಷ್ಟೇ ಬಾಕಿ.

ಮಧ್ಯಾಹ್ನ ಮೇಲಂತಸ್ತಿನಲ್ಲಿ ಚಿತ್ರಕಾರರೊಬ್ಬರು ಮಕ್ಕಳಿಗೆ ಸಹಿ ಹಾಕಿಕೊಡುತ್ತಾರೆಂದು ಸಾಲು ಶುರುವಾಯಿತು. ಶೈಲ ಮುಂಚೆಯೇ ಹೋಗಿ ಸಾಲಿನಲ್ಲಿ ನಿಂತಳು. ಮೇಲೆ ಹೋಗಲು ಎಸ್ಕಲೇಟರ್. ಅಮ್ಮ ಹತ್ತುವುದಿಲ್ಲವೆಂದು ಅದರ ಬುಡದಲ್ಲೇ ನಿಂತಳು. ನನಗೊಂದು ಯೋಚನೆ ಬಂತು: ಪತಂಗಿ ಮೇಲೇರುತ್ತಿದ್ದಾಳೆ, ಹಿಂದೆ ಮೆಟ್ಟಿಲು ಮೆಟ್ಟಿಲಿಗೂ ರೆಕ್ಕೆ ಹರಡಿಕೊಂಡಿದೆ, ಅರ್ಧ ದಾರಿಯಲ್ಲಿ ಅವಳು ಕತ್ತು ತಿರುಗಿಸಿ, ತಲೆ ಹಿಂದಕ್ಕೆ ಚೆಲ್ಲಿ, ಒಂದು ಕೈಯನ್ನು ಕೊರಳಿಗೆ ತರುತ್ತಾಳೆ. ಗೂಡು ಹರಿದು ಹೊರಬರುವಾಗ ಪತಂಗಿ ನಿಲ್ಲುವ ಭಂಗಿ ಅದು. ಮನೆಯಲ್ಲಿ ಕನ್ನಡಿಯ ಮುಂದೆ ಇಪ್ಪತ್ತು ಸಲ ಮಾಡಿ ನೋಡಿದ್ದೆವು.

“ನೀನು ಒಬ್ಳೇ ಹೋಗು. ನಾನು ಕೆಳಗಿಂದ ವಿಡಿಯೋ ತೆಗೀತೀನಿ” ಎಂದೆ.

ಹೋದಳು. ರೆಕ್ಕೆ ಹರಡಿತು. ಪಕ್ಕದ ಮೆಟ್ಟಿಲ ಮೇಲಿದ್ದ ಜನ ನಿಂತು ನೋಡತೊಡಗಿದರು. ಅರ್ಧ ದಾರಿಯಲ್ಲಿ ಅವಳು ಕತ್ತು ತಿರುಗಿಸಿ ನನ್ನನ್ನು ನೋಡಿದಳು. ತಲೆ ಹಿಂದಕ್ಕೆ ಹೋಯಿತು. ಕೈ ಕೊರಳಿಗೆ ಬಂತು. ನಾನು ಫೋನಿನ ಪರದೆಯಲ್ಲಿ ಅವಳ ಮುಖವನ್ನು ಹತ್ತಿರಕ್ಕೆ ತಂದೆ. ಜನ ಚಪ್ಪಾಳೆ ತಟ್ಟಿದರು. ಯಾರೋ “ಸೂಪರ್!” ಎಂದು ಕೂಗಿದರು. ಅವಳು ನಿಧಾನವಾಗಿ ಕುಸಿದು ಮೆಟ್ಟಿಲ ಮೇಲೆ ಕೂತಳು, ಎರಡನೆಯ ಕೈಯೂ ಕೊರಳಿಗೆ ಬಂತು, ಬಾಯಿ ತೆರೆಯಿತು. ಇದು ಭಂಗಿಯಲ್ಲಿ ಇರಲಿಲ್ಲವಲ್ಲ ಎಂದುಕೊಂಡೆ. ಆದರೂ ಚೆನ್ನಾಗಿದೆ, ಹೊಸದಾಗಿ ಸೇರಿಸಿದ್ದಾಳೆ ಎಂದುಕೊಂಡೆ.

ಹೌದು, ಹಾಗೆಂದುಕೊಂಡೆ. ಅದನ್ನು ಬರೆಯದೆ ಬಿಟ್ಟರೆ ಈ ಪ್ರಬಂಧ ಬರೆದು ಪ್ರಯೋಜನವಿಲ್ಲ.

ರೆಕ್ಕೆಯ ಅಂಚು ಓಡುವ ಮೆಟ್ಟಿಲಿಗೂ ಪಕ್ಕದ ನಿಂತ ತಗಡಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಮೆಟ್ಟಿಲು ಅವಳನ್ನು ಮೇಲಕ್ಕೆ ಒಯ್ಯುತ್ತಿತ್ತು, ಸಂದಿ ರೆಕ್ಕೆಯನ್ನು ಬಿಡುತ್ತಿರಲಿಲ್ಲ, ನಡುವೆ ಅವಳ ಕೊರಳಿನಲ್ಲಿ ನನ್ನ ಹುರಿ ಇತ್ತು. ಟಿಚ್ ಬಟನ್ ಆಗಿದ್ದರೆ ಟಪ್ಪೆಂದು ಕಿತ್ತು ಬರುತ್ತಿತ್ತು.

ಆಗ ನನ್ನ ಪಕ್ಕದಿಂದ ಅಮ್ಮ ಮಾಯವಾದಳು. ಮೇಲಕ್ಕೆ ಓಡಲಿಲ್ಲ. ಸಿರಿಯ ಕಡೆ ನೋಡಲೂ ಇಲ್ಲ. ಬಗ್ಗಿ, ಕೈಪಟ್ಟಿಯ ಬುಡಕ್ಕೆ ಅಂಗೈಯಿಂದ ಒಂದು ಏಟು ಹೊಡೆದಳು. ಮೆಟ್ಟಿಲು ನಿಂತಿತು. ಆ ಯಂತ್ರದ ಸದ್ದು ಒಮ್ಮೆಗೇ ಇಲ್ಲವಾದಾಗಲೇ ಅದುವರೆಗೆ ಅದು ಸದ್ದು ಮಾಡುತ್ತಿತ್ತೆಂದು ನನಗೆ ತಿಳಿದದ್ದು.

ಮೇಲಿನ ಮೆಟ್ಟಿಲಲ್ಲಿದ್ದ ತಗಡಿನ ಕವಚದ ಯುವಕ, ಬೆಳಗ್ಗೆ ಸಲಾಮು ಹೊಡೆದವನೇ, ಧಡಧಡನೆ ಇಳಿದು ಬಂದು ಸಿರಿಯನ್ನು ಕಂಕುಳಿಗೆ ಕೈಹಾಕಿ ಮೇಲಕ್ಕೆ ಎತ್ತಲು ನೋಡಿದ.

“ಎಳೀಬೇಡಪ್ಪಾ! ಎಳೀಬೇಡ! ಕೆಳಕ್ಕೆ ಬಿಡು ಮಗೀನ್ನ, ಬಟ್ಟೆ ಕಡೆಗೇ ಬಿಡು!” ಅಮ್ಮ ಆ ನಿಂತ ಮೆಟ್ಟಿಲುಗಳನ್ನು ಏರುತ್ತಲೇ ಕೂಗಿದಳು. ಅವನು ಕೂಡಲೇ ಕೆಳಕ್ಕೆ ಬಿಟ್ಟ. ಸಿಕ್ಕಿದ ಕಡೆಗೇ ಜಾರಿದ್ದರಿಂದ ಹುರಿ ಸಡಿಲವಾಯಿತು. ಅಮ್ಮ ಎರಡು ಬೆರಳನ್ನು ಹುರಿಗೂ ಕೊರಳಿಗೂ ನಡುವೆ ತೂರಿಸಿ, “ಉಸ್ರು ತಗೋ ತಾಯಿ. ಹ್ಞಾ, ಇನ್ನೊಂದು. ಇನ್ನೊಂದು” ಎನ್ನುತ್ತ, ಹುರಿಯನ್ನು ಗಲ್ಲ ದಾಟಿಸಿ ತಲೆಯ ಮೇಲಿಂದ ತೆಗೆದಳು. ಸಿರಿ ಕೆಮ್ಮಿದಳು. ಆ ಕೆಮ್ಮಿಗಿಂತ ಇಂಪಾದದ್ದನ್ನು ನಾನು ಈವರೆಗೆ ಕೇಳಿಲ್ಲ. ಆಗಲೂ ಇಬ್ಬರು ಮೂವರು ಚಪ್ಪಾಳೆ ತಟ್ಟುತ್ತಿದ್ದರು, ಆಮೇಲೆ ನಿಲ್ಲಿಸಿದರು.

ನಾನು ಯಾವಾಗ ಅಲ್ಲಿಗೆ ತಲುಪಿದೆನೋ ತಿಳಿಯದು. ಅಲ್ಲಿನ ಸಿಬ್ಬಂದಿ ಬ್ಲೇಡಿನಿಂದ ಹುರಿ ಕತ್ತರಿಸಿ ಬಟ್ಟೆ ಬಿಡಿಸಿದರು. ಬ್ಲೇಡು ಎರಡು ಮೂರು ಸಲ ಜಾರಿತು, “ಏನ್ ಸಾರ್ ಇದು, ಇಷ್ಟು ಗಟ್ಟಿ!” ಎಂದರು. ಆ ಹೊಗಳಿಕೆಯನ್ನು ಕೇಳುತ್ತ ನಿಂತಿದ್ದೆ. ಚಿಕಿತ್ಸಾ ಕೊಠಡಿಯಲ್ಲಿದ್ದ ವೈದ್ಯೆ ಸಿರಿಯ ಗಂಟಲು ನೋಡಿ, ನೀರು ಕುಡಿಸಿ, ಮಾತಾಡಿಸಿ, ಒಳಗೇನೂ ಆಗಿಲ್ಲ, ಹೊರಗಿನ ಗೆರೆ ವಾರದಲ್ಲಿ ಹೋಗುತ್ತದೆ ಎಂದರು. ಕೊರಳ ಸುತ್ತ ಕೆಂಪು ಗೆರೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಹೊಸೆದ ಎಳೆಗಳ ಗುರುತೂ ಅದರಲ್ಲಿತ್ತು. ಶೈಲ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಮಾತ್ರ ಆ ಹುರಿಯ ತುಂಡುಗಳನ್ನು ಕೈಗೆ ತೆಗೆದುಕೊಂಡು, “ನಾನೂ ಜಗ್ಗಿ ನೋಡಿದ್ನಲ್ಲೋ... ಎಮ್ಮೆ ಕಟ್ಟಬಹುದು ಅಂದ್ನಲ್ಲೋ” ಎಂದಳು. ಆಮೇಲೆ ಅವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಭಾನುವಾರದ ಮೇಳಕ್ಕೆ ನಾವು ಹೋಗಲಿಲ್ಲ. ಬೆಳಗ್ಗೆಯೇ ಊರಿನ ಬಸ್ಸು ಹತ್ತಿದೆವು. ಸಿರಿ ಯಾಕೆಂದು ಕೇಳಲೂ ಇಲ್ಲ. ಕಾಗದದ ಪಟ್ಟಿಯನ್ನು ಮಾತ್ರ ಮಣಿಕಟ್ಟಿನಿಂದ ತೆಗೆಯಲು ಬಿಡಲಿಲ್ಲ. ವಾರದ ನಂತರ ಸ್ನಾನದ ನೀರಿನಲ್ಲಿ ಅದು ತಾನೇ ಕರಗಿ ಬಿತ್ತು.

ಗೆಳೆಯರೇ, ಅಪಾಯ ಕಳೆಯಿತು, ಮಗು ಉಳಿಯಿತು, ಇನ್ನೇನು ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಕಳೆದದ್ದು ಕಳೆಯುವುದಿಲ್ಲ. ಕರಿಹಲಗೆಯ ಮೇಲೆ ಗೆರೆ ಎಳೆಯುವಾಗ, ಊಟಕ್ಕೆ ಕೂತು ಮೊದಲ ತುತ್ತು ನುಂಗುವಾಗ, ಯಾರೋ ಎಲ್ಲಿಯೋ ಚಪ್ಪಾಳೆ ತಟ್ಟಿದಾಗ, ಆ ಮೆಟ್ಟಿಲು ಮತ್ತೆ ಓಡತೊಡಗುತ್ತದೆ. ನನ್ನ ಫೋನಿನ ಗಾಜು ಅಂದು ಒಡೆದಿತ್ತು. ಹೇಗೆ ಒಡೆಯಿತೆಂದು ನೆನಪಿಲ್ಲ. ವಿಡಿಯೋ ಮಾತ್ರ ಒಳಗೆ ಭದ್ರವಾಗಿತ್ತು. ಶಾಲೆಯ ಪ್ರಯೋಗಶಾಲೆಯಲ್ಲಿ ಬಾಗಿಲು ಹಾಕಿಕೊಂಡು ಎಷ್ಟು ಸಲ ನೋಡಿದೆನೋ. ಇಪ್ಪತ್ತಮೂರು ಸೆಕೆಂಡು. ಒಂಬತ್ತನೆಯ ಸೆಕೆಂಡಿಗೆ ಅವಳ ಎರಡನೆಯ ಕೈ ಕೊರಳಿಗೆ ಬರುತ್ತದೆ. ಹದಿನೇಳಕ್ಕೆ ಮೆಟ್ಟಿಲು ನಿಲ್ಲುತ್ತದೆ. ಆ ಎಂಟು ಸೆಕೆಂಡು ಚಿತ್ರ ಅಲುಗುವುದೇ ಇಲ್ಲ. ತೆಗೆಯುವವನ ಕೈ ಅಷ್ಟು ಸ್ಥಿರ. ಆ ಸ್ಥಿರತೆಯನ್ನು ನನಗೆ ಕ್ಷಮಿಸಿಕೊಳ್ಳಲಾಗಲಿಲ್ಲ. ಹದಿನೆಂಟರಿಂದ ಮುಂದೆ ಪರದೆ ಬರೀ ಕಪ್ಪು, ಸದ್ದೂ ಇಲ್ಲ.

ನಾನು ನೋಡುತ್ತಿದ್ದೆ, ಆದರೆ ಕಾಣಲಿಲ್ಲ. ಅಮ್ಮ ನೋಡಲಿಲ್ಲ, ಆದರೆ ಕಂಡಳು. ಹುರಿ ಎಷ್ಟು ಗಟ್ಟಿ ಎಂಬುದನ್ನೇ ಬದುಕಿಡೀ ಪಾಠ ಹೇಳಿದ ನನಗೆ, ಗಟ್ಟಿಯಾದದ್ದು ಯಾವ ಕಡೆಗೆ ಎಳೆಯುತ್ತದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಥವಾ ಹೇಳಿಕೊಟ್ಟಿದ್ದರು, ರೈಲಿನಲ್ಲಿ, ಅದೇ ಬೆಳಗ್ಗೆ. ನಾನು ಕಿಟಕಿಯ ಕಡೆ ತಿರುಗಿಕೊಂಡಿದ್ದೆ.

ಒಂದು ಸಂಜೆ ಸಿರಿ ಬಂದು, “ಅಪ್ಪಾ, ಆವತ್ತಿನ ವಿಡಿಯೋ ಕೊಡು. ಎಸ್ಕಲೇಟರಿನ ಮೆಟ್ಲು ಹೆಂಗಿತ್ತು ಅಂತ ನೋಡ್ಬೇಕು, ಬರೀತಿದೀನಿ” ಎಂದಳು.

“ಫೋನ್ ಒಡೀತಲ್ಲ, ಅದರ ಜೊತೆ ಅದೂ ಹೋಯ್ತಮ್ಮ” ಎಂದೆ. ಮಗಳಿಗೆ ನಾನು ಹೇಳಿದ ಮೊದಲ ಸುಳ್ಳೆಂದು ಹೇಳಲಾರೆ. ಹೇಳಿದ ಮೇಲೆ ಫೋನನ್ನು ಅವಳ ಕಣ್ಣಿನಿಂದ ಬಚ್ಚಿಡಬೇಕಾಗಿ ಬಂದ ಮೊದಲ ಸುಳ್ಳು.

ಅವಳು ಬರೆಯುತ್ತಿದ್ದಾಳೆಂದು ತಿಳಿದ ಮೇಲೆ ನನಗೆ ಹೊಸ ಭಯ ಹಿಡಿಯಿತು. ಅಷ್ಟು ಹೊತ್ತಿಗೆ ನಾನು ಅವಳ ಕಾಮಿಕ್ಸ್ ಪುಸ್ತಕಗಳನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದ್ದೆ. ಎಂದಾದರೂ ಗಮನಿಸಿದ್ದೀರಾ, ಚೌಕಕ್ಕೂ ಚೌಕಕ್ಕೂ ನಡುವೆ ಒಂದು ಬಿಳಿಯ ಪಟ್ಟಿ ಇರುತ್ತದೆ. ಬೆರಳ ಉಗುರಿನಷ್ಟೂ ಅಗಲವಿಲ್ಲ. ಒಂದು ಚೌಕದಲ್ಲಿ ನಾಯಕಿ ಕಟ್ಟಡದ ಅಂಚಿನಲ್ಲಿ ನಿಂತಿರುತ್ತಾಳೆ, ಮುಂದಿನದರಲ್ಲಿ ಗಾಳಿಯಲ್ಲಿರುತ್ತಾಳೆ. ಹಾರಿದ್ದು ಎಲ್ಲಿಯೂ ಇಲ್ಲ. ಹಾರಿದ್ದು ಆ ಬಿಳಿಯಲ್ಲಿ. ಅಲ್ಲಿ ಏನಾಯಿತೆಂದು ಬರೆದವರು ಹೇಳುವುದಿಲ್ಲ, ಓದುವವರು ತುಂಬಿಕೊಳ್ಳಬೇಕು. ನನ್ನ ಎಂಟು ಸೆಕೆಂಡು ಅಂಥ ಬಿಳಿಯಲ್ಲಿತ್ತು. ಅದನ್ನು ನಾನು ಬಲ್ಲೆ, ಬೇರೆ ಯಾರೂ ಅರಿಯರು. ಆ ಪುಟಕ್ಕೆ ಬಂದಾಗ ನನ್ನ ಮಗಳು ತನ್ನ ಅಪ್ಪನನ್ನು ಎಲ್ಲಿ ನಿಲ್ಲಿಸುತ್ತಾಳೆ? ಅವನ ಕೈಯಲ್ಲಿ ಏನನ್ನು ಬರೆಯುತ್ತಾಳೆ? ಅವಳಿಗೆ ತಿಳಿಯದಿದ್ದರೆ ನನ್ನನ್ನು ಓಡಿಬರುವವನಂತೆ ಬರೆದಾಳು. ಆ ಚಿತ್ರವನ್ನು ನಾನು ಹೇಗೆ ನೋಡಲಿ? ತಿಳಿದಿದ್ದರೆ ಇನ್ನೊಂದನ್ನು ಬರೆದಾಳು. ಅದನ್ನಾದರೂ ಹೇಗೆ ನೋಡಲಿ?

ಯುಗಾದಿಯ ರಜೆಯಲ್ಲಿ ಪುಸ್ತಕ ಮುಗಿಯಿತು. ಮೊಳೆಯಲ್ಲಿ ಹುರಿಯ ಒಂದೇ ತುಂಡು ಉಳಿದದ್ದನ್ನು ನಾನು ಕಂಡದ್ದು ಅದೇ ಬೆಳಗ್ಗೆ. ಅಮ್ಮ ಹೊಸಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಶೈಲ ಹೊಲಿಗೆ ಯಂತ್ರದ ಮುಂದೆ ಕೂತು ಪತಂಗಿಯ ಹೊಸ ರೆಕ್ಕೆಯ ಅಂಚು ಹೊಲಿಯುತ್ತ, ನಡುನಡುವೆ ಟಿಚ್ ಬಟನ್ ಹಚ್ಚುತ್ತಿದ್ದಳು. ರೆಕ್ಕೆ ಈ ಸಲ ಮಂಡಿಯವರೆಗೆ ಮಾತ್ರ. ಹಚ್ಚಿದ್ದನ್ನು ಅಮ್ಮನ ಕೈಗೆ ಕೊಡುವುದು, ಅಮ್ಮ ಎಳೆಯುವುದು, ಟಪ್ಪೆಂದು ಬಂದರೆ “ಹ್ಞಾ, ಬಂತು” ಎಂದು ಮರಳಿಸುವುದು. ಸಿರಿ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟಳು. ಹಾಳೆಗಳ ಅಂಚಿನಲ್ಲಿ ತೂತು ಮಾಡಿ, ಮೊಳೆಯಿಂದ ತೆಗೆದ ಹುರಿಯಿಂದ ಹೊಲಿದು, ಉಳಿದ ತುದಿಯನ್ನು ಪುಸ್ತಕದ ಸುತ್ತ ತಂದು ಕಟ್ಟಿದ್ದಳು.

ತೆರೆಯುವ ಮೊದಲು ಹೇಳಿಬಿಡಬೇಕೆನ್ನಿಸಿತು. “ಸಿರಿ, ಒಂದು ವಿಷಯ ಇದೆ. ಆ ವಿಡಿಯೋ ಹೋಗಿಲ್ಲ. ನನ್ನ ಹತ್ರಾನೇ ಇದೆ. ಆವತ್ತು ನಿನಗೆ ಹಂಗಾಗ್ತಿದ್ದಾಗ ನಾನು...”  ಹೊಲಿಗೆ ಯಂತ್ರದ ಸದ್ದು ನಿಂತಿತು. “ನಾನು ತೆಗೀತಾನೇ ಇದ್ದೆ ಕಣಮ್ಮಾ. ನೀನು ಆಟ ಆಡ್ತಿದೀಯ ಅನ್ಕೊಂಡೆ.”

“ಗೊತ್ತಪ್ಪ,” ಎಂದಳು ಅವಳು. “ನಾನು ನಿನ್ನೇ ನೋಡ್ತಿದ್ನಲ್ಲ.”

 ಅಮ್ಮ ಹುಣಸೆಹಣ್ಣಿನಿಂದ ತಲೆಯೆತ್ತಲಿಲ್ಲ. “ಬಿಚ್ಚಿ ನೋಡೋ, ಮಗು ಕಾಯ್ತಿದೆ” ಎಂದಳು ಅಷ್ಟೆ.

ನಾನು ಹೊಸೆದ ಹುರಿಯ ಗಂಟಿಗೆ ಕೈಹಾಕಲು ಬೆರಳು ಅಳುಕಿತು. “ಬಿಚ್ಚೋದ್ ಹೆಂಗೆ ಇದನ್ನ?” ಎಂದೆ; ಕೇಳಿದ ಮೇಲೆ ಅದು ಶೈಲಳ ಮಾತೆಂದು ಹೊಳೆಯಿತು. ಶೈಲ ನನ್ನ ಕಡೆ ನೋಡಿದಳು. ಆ ಶನಿವಾರದ ನಂತರ ಮೊದಲ ಸಲ ಅವಳ ತುಟಿಯಂಚಿನಲ್ಲಿ ನಗೆಯಂಥದ್ದು ಸುಳಿಯಿತು.

“ಜಾರುಗಂಟು ಅಪ್ಪಾ. ಅಜ್ಜಿ ಹೇಳ್ಕೊಟ್ರು. ಒಂದು ತುದಿ ಎಳೆದ್ರೆ ಸಾಕು.”

ಎಳೆದೆ. ಎಮ್ಮೆ ಕಟ್ಟಬಹುದಾದ ಹುರಿ ಹೂವಿನ ದಾರದಂತೆ ಬಿಚ್ಚಿಕೊಂಡಿತು.

ಆ ಪುಟ ನಡುವಿನಲ್ಲಿತ್ತು. ಮೊದಲ ಚೌಕದಲ್ಲಿ ಓಡುವ ಮೆಟ್ಟಿಲು, ಕೆಳಗೆ ಪುಟ್ಟದಾಗಿ ನಾನು, ಕೈಯಲ್ಲಿ ಫೋನು. ಕನ್ನಡಕ, ಅಂಗಿಯ ಜೇಬಿನ ಪೆನ್ನು, ಯಾವುದನ್ನೂ ಬಿಟ್ಟಿರಲಿಲ್ಲ. ಮುಂದಿನ ಚೌಕದಲ್ಲಿ ಫೋನು ಗಾಳಿಯಲ್ಲಿದೆ, ನೆಲ ಮುಟ್ಟುವ ಮೊದಲೇ ಅದರ ಸುತ್ತ ಮಿಂಚಿನಂಥ ಗೆರೆಗಳು. ನನ್ನ ಎರಡೂ ಕೈ ಖಾಲಿ, ಎರಡೂ ಅವಳ ಕಡೆಗೆ ಚಾಚಿವೆ, ಬಾಯಿ ಅಷ್ಟಗಲ ತೆರೆದಿದೆ, ಬಾಯಿಂದ ಎದ್ದ ಗುಳ್ಳೆಯಲ್ಲಿ ಅವಳ ಹೆಸರು ಚೌಕವನ್ನೇ ತುಂಬುವಷ್ಟು ದೊಡ್ಡ ಅಕ್ಷರದಲ್ಲಿದೆ. ನಾನು ಕೂಗಿದೆನೇ? ಫೋನು ಬಿಸಾಡಿದೆನೇ? ನನಗೆ ನೆನಪಿಲ್ಲ. ಹದಿನೆಂಟರಿಂದಾಚೆಯ ಕಪ್ಪು ಪರದೆಯಲ್ಲಿ ಆಗಿಹೋದದ್ದು ಅವಳಿಗೆ ಮಾತ್ರ ಕಂಡಿತ್ತು.

ಎರಡು ಚೌಕಗಳ ನಡುವಿನ ಬಿಳಿಯ ಮೇಲೆ ಬೆರಳಿಟ್ಟು ನೋಡಿದೆ. ಮೂರು ತಿಂಗಳಿಂದ ನಾನು ಸಿಕ್ಕಿಕೊಂಡಿದ್ದ ಸಂದಿ ಅದು. ಅವಳ ಲೆಕ್ಕದಲ್ಲಿ ಸ್ಕೇಲು ಹಿಡಿದು ಎಳೆದ ಎರಡು ಗೆರೆಗಳ ನಡುವಿನ ಅಂತರ, ಬೇರೆಲ್ಲ ಪುಟಗಳಲ್ಲಿ ಇರುವಷ್ಟೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಪುಸ್ತಕ ಮುಚ್ಚಿ ಹುರಿಯನ್ನು ಮತ್ತೆ ಸುತ್ತಿದೆ. ಜಾರುಗಂಟು ನನಗೆ ಬರುತ್ತಿರಲಿಲ್ಲ. ಅಮ್ಮ ಹುಣಸೆಹಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತು, “ಹಂಗಲ್ಲ ಕಣೋ, ಈ ತುದೀನ ಅರ್ಧಕ್ಕೇ ನಿಲ್ಸು, ಪೂರ್ತಿ ತೂರಿಸ್ಬೇಡ” ಎಂದು ತೋರಿಸಿದಳು. ಮೂರನೆಯ ಸಲಕ್ಕೆ ಬಂತು. ಮೊಳೆಯಲ್ಲಿ ಉಳಿದ ತುಂಡು ಇನ್ನೂ ಅಲ್ಲೇ ಇದೆ. ಬಂದವರು ಇನ್ನೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಅದು ಬೇಕೆಂದು ಸಿರಿ ಆಗಲೇ ಹೇಳಿದ್ದಾಳೆ: ಎರಡನೆಯ ಭಾಗ ಬರೆಯುತ್ತಿದ್ದಾಳಂತೆ, ಅದರಲ್ಲಿ ಪತಂಗಿಗೆ ಹಾರಲು ಬರುತ್ತದಂತೆ.